ಸಹಾಯ ಬೇಕು: ಎರಡು ರಾತ್ರಿಯ ರೈಲಿಗೆ ರೊಟ್ಟಿ ಬುತ್ತಿ
ಮುಂದಿನ ವಾರ ಹುಬ್ಬಳ್ಳಿಯಿಂದ ಕಾಶಿಗೆ ರೈಲಿನಲ್ಲಿ ಹೊರಟಿದ್ದೇವೆ. ಏಳು ಜನ, ಎರಡು ರಾತ್ರಿ. ಕಳೆದ ಸಲದ ಪ್ರವಾಸದಲ್ಲಿ ಎಣ್ಣೆಗಾಯಿ ಡಬ್ಬಿ ಸೋರಿ ಅತ್ತೆಯವರ ಇಳಕಲ್ ಸೀರೆಗೆ ಇಳಿಯಿತು. ಮರುದಿನ ಪಲ್ಯ ಹಳಸಿತು, ಖಡಕ್ ರೊಟ್ಟಿ ಪುಡಿಯಾಯಿತು. ಬುತ್ತಿ ನೋಡಿ ಮೂಗು ಮುರಿದಿದ್ದ ಮಗನೇ ಕೊನೆಗೆ ಆ ಪುಡಿಗೆ ಶೇಂಗಾ ಚಟ್ನಿ, ಮೊಸರು ಕಲಸಿ ಡಬ್ಬಿ ಬಳಿದು ತಿಂದ, ಅದು ಬೇರೆ ಮಾತು.

ಅತ್ತೆಯವರಿಗೆ ಜೋಳದ ರೊಟ್ಟಿ ಇಲ್ಲದಿದ್ದರೆ ಅದು ಊಟವೇ ಅಲ್ಲ. ರೊಟ್ಟಿ ಮುರಿಯದಂತೆ ಹೇಗೆ ಕಟ್ಟುತ್ತೀರಿ? ಬಟ್ಟೆಯಲ್ಲೋ, ಸ್ಟೀಲ್ ಡಬ್ಬಿಯಲ್ಲೋ? ಶೇಂಗಾ, ಗುರೆಳ್ಳು ಚಟ್ನಿ ಪುಡಿಗಳಂತೂ ಇವೆ. ಈ ಸೆಕೆಯಲ್ಲಿ ಎರಡು ದಿನ ತಡೆಯುವ ಪಲ್ಯ ಯಾವುದು? ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಮುತ್ತ ತೆಳುವಾದ ಖಡಕ್ ರೊಟ್ಟಿ ಸಿಗುವ ಜಾಗ ಗೊತ್ತಿದ್ದರೂ ತಿಳಿಸಿ. ಅರವತ್ತು ರೊಟ್ಟಿ ಬಡಿಯುವ ಶಕ್ತಿ ನನಗಿಲ್ಲ.