ಕೋಲಿಯಸ್ ಗಿಡಕ್ಕೆ ನಿಮ್ಮಲ್ಲಿ ಏನಂತಾರೆ? ಜೊತೆಗೆ ‘ಚೂಟು’ ಪದದ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಹೂವಿಗಿಂತ ಎಲೆಯೇ ಚಂದ ಇರುವ ಕೋಲಿಯಸ್ ಗಿಡಕ್ಕೆ ನಿಮ್ಮ ಊರಿನಲ್ಲಿ ಕನ್ನಡದ ಹೆಸರು ಇದೆಯಾ? ನಮ್ಮ ಮನೆಯಲ್ಲಿರುವುದು ಕುಂಕುಮದ ಬಣ್ಣದ್ದು. ಎಲೆಯ ಸುತ್ತ ಎಳೆಹಸಿರು ಅಂಚು, ಇಳಕಲ್ ಸೀರೆಗೆ ದಡಿ ಇದ್ದ ಹಾಗೆ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನಾಲ್ಕೈದು ಮನೆಗಳ ಮುಂದೆ ಈ ಗಿಡ ಇದೆ. ಎಲ್ಲರೂ ಅದನ್ನು ‘ಕ್ರೋಟನ್’ ಅಂತಲೇ ಕರೆಯುತ್ತಾರೆ.

ಹೆಸರು ಯಾವುದಾದರೇನು ಅಂತ ನಾನೂ ಸುಮ್ನೆ ಇದ್ದೆ. ಆದರೆ ಈ ಹೆಸರಿನಿಂದಲೇ ಎರಡು ಗಿಡ ಕಳೆದುಕೊಂಡೆ. ಮಾರಿದವರು ‘ಕ್ರೋಟನ್ ಇದು, ಬಿಸಿಲು ಚೆನ್ನಾಗಿ ಬೀಳಲಿ’ ಅಂದಿದ್ದರು. ಏಪ್ರಿಲ್ ತಿಂಗಳಲ್ಲಿ ಮಾಳಿಗೆ ಮೇಲೆ ಇಟ್ಟೆ. ವಾರದೊಳಗೆ ಕೆಂಪು ಬಣ್ಣ ಹೋಗಿ ಎಲೆ ಬಿಳಚಿಕೊಂಡಿತು, ಅಂಚು ಸುಟ್ಟು ಮುರುಟಿತು. ಕ್ರೋಟನ್‌ಗೆ ಬಿಸಿಲು ಬೇಕು, ಬಣ್ಣ ಏರುವುದೇ ಬಿಸಿಲಿನಲ್ಲಿ. ಅದರ ಎಲೆ ದಪ್ಪ, ಕಾಂಡ ಕಟ್ಟಿಗೆಯಂಥದ್ದು, ಮುರಿದರೆ ಹಾಲು ಬರುತ್ತದೆ. ಕೋಲಿಯಸ್‌ನ ಕಾಂಡ ನೀರು ತುಂಬಿದ ಮೆತ್ತನೆಯದು. ಬೆಳಗಿನ ಎಳೆಬಿಸಿಲು ಸಾಕು, ಮಧ್ಯಾಹ್ನ ನೆರಳು ಬೇಕು. ಹೀಗೆ ಬೇರೆ ಬೇರೆ ಗಿಡಗಳಿಗೆ ಒಂದೇ ಹೆಸರು ಇಟ್ಟರೆ ತೊಂದರೆ ಗಿಡಕ್ಕೇ, ಅಲ್ವಾ?

ಕೋಲಿಯಸ್ ಕಾಂಡವನ್ನು ಬೆರಳಲ್ಲಿ ಹಿಡಿದು ಹೊರಳಿಸಿ ನೋಡಿ. ದುಂಡಗಿಲ್ಲ, ನಾಲ್ಕು ಮೂಲೆ ಸಿಗುತ್ತವೆ. ಎಲೆಗಳು ಎದುರುಬದುರು ಜೋಡಿ. ತುಳಸಿಯೂ ಹೀಗೇ. ನಮ್ಮ ತಾಯಿ ಇದನ್ನು ‘ಬಣ್ಣದ ತುಳಸಿ’ ಅನ್ನುವುದು ಅದಕ್ಕೇ. ಅವರ ಕಣ್ಣು ತಪ್ಪಿಲ್ಲ. 1763ರಲ್ಲಿ ಗಿಡಗಳಿಗೆ ಶಾಸ್ತ್ರೀಯ ಹೆಸರು ಇಟ್ಟ ಸಸ್ಯವಿಜ್ಞಾನಿ ಲಿನೇಯಸ್ ಕೂಡ ಇದನ್ನು ತುಳಸಿ, ಕಾಮಕಸ್ತೂರಿ ಇರುವ ಆಸಿಮಮ್ ಕುಲಕ್ಕೇ ಸೇರಿಸಿದ್ದ. ಆಮೇಲೆ ಸೊಲೆನೊಸ್ಟೆಮನ್, ಪ್ಲೆಕ್ಟ್ರಾಂಥಸ್ ಅಂತ ಹೆಸರು ಬದಲಾಗುತ್ತ ಹೋಗಿ 2019ರಲ್ಲಿ ಮತ್ತೆ ಕೋಲಿಯಸ್‌ಗೇ ಬಂತು. ಗ್ರೀಕಿನಲ್ಲಿ ಅದರ ಅರ್ಥ ‘ಒರೆ’. ಹೂವಿನ ಕೇಸರಗಳ ಬುಡ ಕೂಡಿಕೊಂಡು ಕತ್ತಿಯ ಒರೆಯ ಹಾಗೆ ಕೊಳವೆಯಾಗಿರುತ್ತದೆ.

ಆದರೂ ‘ಬಣ್ಣದ ತುಳಸಿ’ ನನಗೆ ಒಪ್ಪಿಗೆಯಾಗುವುದಿಲ್ಲ. ಇದು ತೀರ್ಥಕ್ಕೆ ಹಾಕುವ ಎಲೆಯಲ್ಲ, ಬಾಯಿಗೆ ಹಾಕಿಕೊಳ್ಳುವ ಎಲೆಯೂ ಅಲ್ಲ. ಇದಕ್ಕೆ ಇನ್ನೂ ಹತ್ತಿರದ ನೆಂಟ ದೊಡ್ಡಪತ್ರೆ. ಎರಡೂ ಕೋಲಿಯಸ್ ಕುಲದವೇ. ಹಾಗಾಗಿ ‘ಬಣ್ಣಪತ್ರೆ’ ಅಂದರೆ ಹೇಗೆ ಅಂತ ಯೋಚಿಸುತ್ತಿದ್ದೇನೆ. ಹೇಳಲು ಹಗುರ, ನೆಂಟಸ್ತಿಕೆಯೂ ಉಳಿಯುತ್ತದೆ. ಆದರೆ ಜನರ ಬಾಯಲ್ಲಿ ಮೊದಲೇ ಒಂದು ಪದ ಇದ್ದರೆ ನನಗೆ ಅದೇ ಬೇಕು.

ಇನ್ನು ಎರಡನೆಯ ವಿಷಯ. ಈ ಗಿಡದ ತುದಿಯನ್ನು ಆಗಾಗ ತೆಗೆಯುತ್ತಿರಬೇಕು. ಇಲ್ಲದಿದ್ದರೆ ಉದ್ದಕ್ಕೆ ಬೆಳೆದು ಬುಡ ಬೋಳಾಗುತ್ತದೆ. ಇದಕ್ಕೆ ಕೈತೋಟದ ಲೇಖನಗಳಲ್ಲಿ ‘ಪಿಂಚಿಂಗ್ ಮಾಡಿ’ ಅಂತಲೋ ‘ತುದಿ ಕತ್ತರಿಸಿ’ ಅಂತಲೋ ಬರೆಯುತ್ತಾರೆ. ಕಳೆದ ವರ್ಷ ಗದಗ ಕಡೆಯ ನಮ್ಮ ಅತ್ತೆ ಬಂದಿದ್ದರು. ಗಿಡ ನೋಡಿದವರೇ, ‘ಕಡ್ಲಿ ಕುಡಿ ಚೂಟ್ತೀವಲ್ಲ, ಹಂಗ ಚೂಟವಾ. ಟೊಂಗಿ ಒಡೀತಾವ’ ಅಂದರು. ಹೆಬ್ಬೆರಳು, ತೋರುಬೆರಳ ಉಗುರಿನ ನಡುವೆ ಕುಡಿ ಹಿಡಿದು, ಜೋಡಿ ಎಲೆಯ ಸ್ವಲ್ಪ ಮೇಲೆ ಚಟ್ ಅಂತ ತೆಗೆದರು. ಹತ್ತು ದಿನಕ್ಕೆ ಅಲ್ಲಿಂದ ಎರಡು ಕವಲು ಬಂದವು. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಕಡಲೆ ಬೆಳೆಯುವವರಿಗೆ ಇದು ಹೊಸದೇನಲ್ಲ. ಕುಡಿ ಚೂಟಿದಷ್ಟೂ ಕವಲು ಜಾಸ್ತಿ, ಕಾಯಿ ಜಾಸ್ತಿ. ಕತ್ತರಿಗೆ ‘ಕತ್ತರಿಸು’, ಉಗುರಿಗೆ ‘ಚೂಟು’. ಇಷ್ಟು ಖಚಿತವಾದ ಪದ ಹೊಲದಲ್ಲಿ ಇರುವಾಗ ಕುಂಡದ ಗಿಡಕ್ಕೆ ಬೇರೆ ಯಾಕೆ? ‘ಚಿವುಟು’ ಅನ್ನುವ ಕಡೆಯವರು ಅದನ್ನೇ ಬರೆಯಲಿ, ಅದೂ ಅಷ್ಟೇ ಚೆನ್ನ.

ಚೂಟಿದ ಟೊಂಗೆಯನ್ನು ಎಸೆಯಬೇಡಿ. ಕೆಳಗಿನ ಎಲೆ ತೆಗೆದು ನೀರಿನ ಲೋಟದಲ್ಲಿ ಇಟ್ಟರೆ ಒಂದೆರಡು ವಾರದಲ್ಲಿ ಬಿಳಿ ಬೇರು ಕಾಣಿಸುತ್ತವೆ. ಆಮೇಲೆ ಕುಂಡಕ್ಕೆ ಹಚ್ಚಬಹುದು. ನಮ್ಮ ಕಡೆ ಗಿಡ ‘ಹಚ್ಚುತ್ತೇವೆ’, ದೀಪವನ್ನೂ ಹಚ್ಚುತ್ತೇವೆ. ಬರೀ ಎರಿ ಮಣ್ಣು ಬೇಡ, ನೀರು ನಿಂತು ಕಾಂಡ ಕೊಳೆಯುತ್ತದೆ. ಮಸಾರಿ (ಕೆಂಪು) ಮಣ್ಣು, ಗೊಬ್ಬರ ಬೆರೆಸಿ.

ಇನ್ನೊಂದು ಪದ ಬೇಕಾಗಿದೆ. ಗಿಡದ ತುದಿಯಲ್ಲಿ ತಿಳಿನೀಲಿ ಹೂವಿನ ಉದ್ದನೆಯ ಕಡ್ಡಿ ಬರುತ್ತದೆ. ಅದನ್ನೂ ಬಂದಹಾಗೆ ಚೂಟಬೇಕು, ಇಲ್ಲದಿದ್ದರೆ ಎಲೆ ಸಣ್ಣದಾಗುತ್ತವೆ. ತುಳಸಿಯದಾದರೆ ಕದಿರು ಅನ್ನುತ್ತೇವೆ, ಮಂಜರಿ ಅಂತಲೂ ಅನ್ನುತ್ತೇವೆ. ಕೋಲಿಯಸ್‌ನದಕ್ಕೂ ‘ಕದಿರು’ ಅನ್ನಬಹುದಾ, ಅಥವಾ ಹಾವೇರಿ, ರಾಣೆಬೆನ್ನೂರು ಕಡೆ ಬೇರೆ ಪದ ಇದೆಯಾ? ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೆಯೇ ಬರೆದು ತಿಳಿಸಿ.