ಎಚ್.ಕೆ. ಪಾಟೀಲರು 24 ವರ್ಷ ಎಂಎಲ್‌ಸಿ ಇದ್ದೂ 2008ರಾಗ ಗದಗದಾಗ ಯಾಕ ಸೋತ್ರು?

ಬೆಟಗೇರಿ_ಹುಡುಗ:
ನಮಸ್ಕಾರ್ರೀ. ನಾ ತಿಳುವಳಿಕಿ ಬಂದಾಗಿಂದ ಎಚ್ಕೆ ಸಾಹೇಬ್ರನ್ನ ಎಂಎಲ್ಎ, ಮಂತ್ರಿ ಅಂತನ ನೋಡೇನಿ. ಆದ್ರ ನಮ್ಮ ಕಾಕಾ ಹೇಳೂ ಪ್ರಕಾರ 1984ರಿಂದ 2008ರ ತನಕ ಪಶ್ಚಿಮ ಪದವೀಧರ ಕ್ಷೇತ್ರದಿಂದ ನಾಕ ಸಲ ಗೆದ್ದು ಪರಿಷತ್ತಿನ್ಯಾಗ ಇದ್ರಂತ, ನೀರಾವರಿ ಮಂತ್ರಿನೂ ಆಗಿದ್ರಂತ, ಮುಂದ 2008ರಾಗ ಗದಗದಾಗ ನಿಂತು ಬಿಜೆಪಿಯ ಶ್ರೀಶೈಲಪ್ಪ ಬಿದರೂರ ಅವ್ರ ಮುಂದ ಸೋತ್ರಂತ. ಅಷ್ಟು ದೊಡ್ಡ ಮನಿತನ, ಅಷ್ಟು ಹೆಸರು, ಹೆಂಗ ಸೋತ್ರಪಾ?

ಹಳೇ_ಏಜೆಂಟ್:
ತಮ್ಮಾ, ಎಂಎಲ್‌ಸಿದು, ಎಂಎಲ್ಎದು ಎರಡೂ ಇಲೆಕ್ಷನ್ ಅಂತಾರ ಖರೆ, ಆದ್ರ ಆಟಾನ ಬ್ಯಾರೆ. ಪದವೀಧರ ಕ್ಷೇತ್ರದಾಗ ಡಿಗ್ರಿ ಮುಗದು ಮೂರು ವರ್ಷ ಆದವ್ರಿಗೆ ಅಷ್ಟ ಓಟು, ಅದೂ ಪ್ರತಿ ಸಲ ಹೊಸದಾಗಿ ಹೆಸರು ಹಚ್ಚಬೇಕು, ಹಳೇ ಲಿಸ್ಟ್ ನಡಿಯಂಗಿಲ್ಲ. ಅರ್ಧ ಇಲೆಕ್ಷನ್ ಅಲ್ಲೇ ಮುಗಿತೈತಿ. ನಾವು ಕೋರ್ಟು, ಬ್ಯಾಂಕು, ಸಾಲಿ ಅಂತ ತಿರುಗಿ ಮಾರ್ಕ್ಸ್ ಕಾರ್ಡ್ ಝರಾಕ್ಸ್ ಕೂಡಿಸಿ ಫಾರ್ಮ್ ತುಂಬಿಸ್ತಿದ್ವಿ, ಓಟಿನ ದಿನ ಜಾಂಬಳಿ ಸ್ಕೆಚ್ ಪೆನ್ನಿಲೆ ಯಾರು ಮೊದಲು, ಯಾರು ಎರಡನೇದು ಅಂತ ಹೆಸರಿನ ಮುಂದ 1, 2 ಬರಿಯೂದು, ಟಿಕ್ ಹೊಡದ್ರ ಓಟ ಹೋತು, ಡಿಗ್ರಿ ಆದವ್ರೂ ಹಂಗ ಮಾಡ್ತಿದ್ರು ನೋಡ್ರಿ! ಧಾರವಾಡ, ಗದಗ, ಹಾವೇರಿ, ಕಾರವಾರ ಕಡೆ ಎಲ್ಲಾ ಸೇರಿ ಒಂದ ಕ್ಷೇತ್ರ. ಅಲ್ಲಿ ಸದನದಾಗ ಚಲೋ ಮಾತಾಡಿದ್ರ ಹೆಸರು ಬರ್ತೈತಿ. ಎಂಎಲ್ಎ ಅಂದ್ರ ಹಂಗಲ್ಲ, ಗಟಾರ ತುಂಬೇತಿ, ರೇಷನ್ ಕಾರ್ಡ್ ಆಗಿಲ್ಲ, ಮದವಿಗೆ ಬರ್ರಿ, ಮಣ್ಣಿಗೆ ಬರ್ರಿ ಅಂತಾರ. ಅದರಾಗ 2008ರಾಗ ಯಡಿಯೂರಪ್ಪನವ್ರ ಅಲೆ, ನಮ್ಮ ಕಡೆ ಕಾಂಗ್ರೆಸ್ ಮಕಾಡೆ ಮಲಗಿತ್ತು. ಮನಿತನ ಅಂತೀ, ಅವ್ರ ತಂದಿ ಕೆ.ಎಚ್. ಪಾಟೀಲರು 'ಹುಲಕೋಟಿ ಹುಲಿ', ನೂಲಿನ ಗಿರಣಿ, ಸೊಸೈಟಿ ಎಲ್ಲಾ ಕಟ್ಟಿದವ್ರು, ಆದ್ರ ಆ ಹೆಸರಿಗೆ ಅವ್ರೂರು ಹುಲಕೋಟ್ಯಾಗ ಸಿಗೂ ಓಟು ಬೆಟಗೇರಿ ಓಣ್ಯಾಗ ಸಿಗಂಗಿಲ್ಲ.

ಮುಂಡರಗಿ_ರೈತ:
ಸೋತಿದ್ದ ಚಲೋ ಆತು ಅಂತೀನಿ ನಾ. ಆಮ್ಯಾಲ ಊರೂರು ತಿರುಗಿದ್ರು, 2013ರಾಗ ಗೆದ್ದು ಗ್ರಾಮೀಣಾಭಿವೃದ್ಧಿ ಮಂತ್ರಿ ಆದ್ರು, ಶುದ್ಧ ನೀರಿನ ಘಟಕ ಹಾಕ್ಸಿದ್ರು. ನಮ್ಮ ಕಡೆ ಬೋರಿನ ನೀರಾಗ ಫ್ಲೋರೈಡ್, ಸಣ್ಣ ಹುಡುಗರ ಹಲ್ಲು ಕಂದು ಗೆರಿ ಬಿದ್ದಿರ್ತಾವು, ಈಗ ನಾಣ್ಯ ಹಾಕಿ ಕ್ಯಾನ್ ತುಂಬ್ಕೊಂಡ ಬರ್ತೀವಿ. ಕೆಟ್ಟ ನಿಂತ ಘಟಕಾನೂ ಅದಾವ, ಇಲ್ಲ ಅನ್ನಂಗಿಲ್ಲ, ಹಾಕೂದು ಸರಳ, ರಿಪೇರಿಗೆ ಯಾರೂ ಬರಂಗಿಲ್ಲ. ನಾಗಾವಿ ಹತ್ರ ಪಂಚಾಯತ್ ರಾಜ್ ವಿವಿ ಬಂದಿದ್ದೂ ಅವ್ರ ಕಾಲದಾಗನ.

ನರಗುಂದ_ಬಂಡಾಯ:
ಎಲ್ಲಾ ಹೇಳಿದ್ರಿ, ಮಹದಾಯಿ ನದಿ ನೀರಿನ ಮಾತೊಂದ ಬಿಟ್ರಿ. 2018ರಾಗ ನ್ಯಾಯಮಂಡಳಿ ಕರ್ನಾಟಕಕ್ಕ 13.42 ಟಿಎಂಸಿ ಕೊಟ್ಟೇತಿ, ಕಳಸಾ-ಬಂಡೂರಿ ಹಳ್ಳದ ನೀರು ಮಲಪ್ರಭಾಕ್ಕ ಎಲ್ಲಿ ಬಂತ್ರೀ? ಬರೇ ಅವ್ರೊಬ್ರನ್ನ ಬೈದ್ರ ತಪ್ಪಾಗ್ತೈತಿ, ಎಲ್ಲಾ ಪಕ್ಷದವ್ರೂ ಭಾಷಣ ಮಾಡಿ ಹೋದವ್ರ.

ಬೆಟಗೇರಿ_ಹುಡುಗ:
ಥ್ಯಾಂಕ್ಸ್ ರೀ ಎಲ್ಲಾರಿಗೂ. 2018ರ ಇಲೆಕ್ಷನ್ನಾಗೂ ಎಚ್ಕೆ ಸಾಹೇಬ್ರಿಗೆ ಭಾಳ ಟೈಟ್ ಆಗಿತ್ತಲ್ರೀ?

ಹಳೇ_ಏಜೆಂಟ್:
ಹೂಂ, ಎರಡ ಸಾವಿರಕ್ಕಿಂತ ಕಡಿಮಿ ಅಂತರ. ಎಣಿಕಿ ಮುಗಿಯೂ ತನಕ ನಾವು ನೀರ ಕುಡದಿಲ್ಲ. 2023ರಾಗ ಮತ್ತ ಗೆದ್ದು ಕಾನೂನು ಮಂತ್ರಿ ಆದ್ರು. ಅಂದಂಗ ನಿಂದು ಡಿಗ್ರಿ ಮುಗದು ಮೂರು ವರ್ಷ ಆತೇನ? ಆಗಿದ್ರ ಪದವೀಧರ ಕ್ಷೇತ್ರದ ಲಿಸ್ಟಿಗೆ ಹೆಸರು ಹಚ್ಚೂ ಫಾರ್ಮ್ 18 ತುಂಬು, ಝರಾಕ್ಸ್ ಮ್ಯಾಲ ಅಟೆಸ್ಟ್ ಮಾಡ್ಸೂದು ಮರೀಬ್ಯಾಡ.