ಎಂಜಿನ್‌ನ ಕೆಂಪು ದಾರ, ಲೈಫ್ ಜಾಕೆಟ್: ಸದಾನಂದಣ್ಣನನ್ನು ಕೇಳಿ

ಅಡ್ಮಿನ್: ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಕೂರಿಸುವ ಎಂಜಿನ್) ಮೆಕ್ಯಾನಿಕ್ ಸದಾನಂದಣ್ಣ ಇವತ್ತು ಉತ್ತರಿಸ್ತಾರೆ. ಲೈಫ್ ಜಾಕೆಟ್, ಎಂಜಿನ್ ಬಂದ್ ಮಾಡುವ ಕೆಂಪು ಸುರುಳಿ ದಾರ (ಒಂದು ತುದಿ ಓಡಿಸುವವನ ಮೈಗೆ, ಇನ್ನೊಂದು ತುದಿಯ ಕ್ಲಿಪ್ ಎಂಜಿನ್‌ನ ಸ್ವಿಚ್‌ಗೆ; ಅವನು ಬಿದ್ರೆ ಕ್ಲಿಪ್ ಕಳಚಿ ಎಂಜಿನ್ ನಿಲ್ತದೆ), ಇಷ್ಟೇ ವಿಷಯ. ಮೀನಿನ ರೇಟು ಬೇಡ.

ಗಣೇಶ: ಈಜು ಬರುವವರಿಗೂ ಜಾಕೆಟ್ ಬೇಕಾ ಅಣ್ಣ?

ಸದಾನಂದ: ಬೇಕು. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವ ಈಜುವುದಿಲ್ಲ.

ಶ್ವೇತಾ: ಅಣ್ಣ, ನನ್ನ ತಮ್ಮ ಬೆಳಗಿನ ಜಾವ ಒಬ್ಬನೇ ಬಲೆ ಬಿಡ್ಲಿಕ್ಕೆ ಹೋಗ್ತಾನೆ. ಫೈಬರ್ ದೋಣಿ, 9.9 ಎಚ್‌ಪಿ. ಬಲೆ ಎಳೆಯುವಾಗ ಸಿಕ್ಕಿ ಎಂಜಿನ್ ಆಫ್ ಆಗ್ತದೆ ಅಂತ ಕೆಂಪು ದಾರ ಕತ್ತರಿಸಿ ಬಿಸಾಡಿದ್ದಾನೆ. ಕ್ಲಿಪ್ ಕೂರುವ ಜಾಗಕ್ಕೆ ಬಲೆಯ ನೂಲು ಬಿಗಿದಿದ್ದಾನೆ. ಎಂಜಿನ್ ಸರಿಯಾಗಿ ಓಡ್ತದೆ. ತೊಂದರೆ ಉಂಟಾ?

ಸದಾನಂದ: ಉಂಟು. ಓದಿ ಹೆದರಿಕೆಯೇ ಆಯ್ತು. ಹ್ಯಾಂಡಲ್ ಹಿಡಿದು ಓಡಿಸುವ ಎಂಜಿನ್ ಬೈಕಿನ ಹಾಗಲ್ಲ, ಕೈ ಬಿಟ್ಟ ಕೂಡಲೇ ಆಕ್ಸಿಲರೇಟರ್ ಇಳಿಯುವುದಿಲ್ಲ. ಕೈ ನೋಯ್ತದೆ ಅಂತ ಹೆಚ್ಚಿನವರು ಅದರ ಸ್ಕ್ರೂ ಬಿಗಿ ಮಾಡಿ ಇಟ್ಟಿರ್ತಾರೆ ಬೇರೆ. ತಮ್ಮ ಜಾರಿ ಬಿದ್ರೆ ಎಂಜಿನ್ ಅದೇ ಸ್ಪೀಡಲ್ಲಿ ಓಡ್ತಾ ಇರ್ತದೆ. ನೀರೊಳಗೆ ದೋಣಿ ತಳ್ಳುವ ಫ್ಯಾನ್ ತಿರುಗುವ ಬಲಕ್ಕೆ ಹ್ಯಾಂಡಲ್ ಒಂದು ಬದಿಗೆ ಎಳೀತದೆ, ದೋಣಿ ಸುತ್ತು ಹಾಕಿ ಬಿದ್ದವನ ಮೇಲೆಯೇ ಬರ್ತದೆ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋದಲ್ಲಿ ಸ್ಪೀಡ್‌ಬೋಟಿಂದ ಒಂದೇ ಮನೆಯ ಆರೂ ಜನ ನೀರಿಗೆ ಬಿದ್ರು. ದಾರ ಕಟ್ಟಿಕೊಂಡಿರಲಿಲ್ಲ. ಖಾಲಿ ಬೋಟು ಗಿರಕಿ ಹೊಡೆದು ಅವರ ಮೇಲೆ ಹರಿದು ಅಪ್ಪ, ಮಗಳು ತೀರಿಹೋದ್ರು.

ಸುತ್ತು ಹಾಕದೆ ನೇರ ಹೋದ್ರೂ ಕಷ್ಟವೇ. ಒಬ್ಬನೇ ಇದ್ದವನಿಗೆ ದೋಣಿ ಮತ್ತೆ ಸಿಗುವುದಿಲ್ಲ. ಜಾಕೆಟ್ ಇಲ್ಲದಿದ್ರೆ ಎಷ್ಟು ಹೊತ್ತು ಕೈಕಾಲು ಆಡಿಸ್ತಾನೆ?

ಆ ನೂಲು ಇವತ್ತೇ ತೆಗೆಸಿ. ಅದೇ ಕಂಪೆನಿ, ಅದೇ ಮಾಡೆಲ್‌ನ ದಾರ ತರಿಸಿ, ಎಲ್ಲ ಕ್ಲಿಪ್ ಎಲ್ಲ ಎಂಜಿನ್‌ಗೆ ಕೂರುವುದಿಲ್ಲ. ತೊಡೆಗೆ ಒಂದು ಸುತ್ತು ತಂದು ದಾರಕ್ಕೇ ಕೊಕ್ಕೆ ಹಾಕ್ಲಿ, ಕೈಗೆ ಬೇಡ. ಬಲೆ ಎಳೆಯುವಾಗ ಎಂಜಿನ್ ಹೇಗೂ ಬಂದ್ ಇರಬೇಕು, ಇಲ್ಲದಿದ್ರೆ ಬಲೆಯೇ ಫ್ಯಾನಿಗೆ ಸುತ್ತಿಕೊಳ್ತದೆ. ಹಾಗಾಗಿ ಅವನು ಹೇಳುವ ಕಾರಣವೇ ಸರಿ ಇಲ್ಲ. ದಿನಾ ಹೊರಡುವ ಮುಂಚೆ ಸ್ಟಾರ್ಟ್ ಮಾಡಿ ದಾರ ಎಳೆದು ನೋಡ್ಲಿ. ಎಂಜಿನ್ ನಿಲ್ಲದಿದ್ರೆ ಅವತ್ತು ಕಡಲಿಗೆ ಇಳಿಯುವುದು ಬೇಡ. ಫೋಟೋ ಹಾಕಿ.

ಮೋಹನ್: ಚೆನ್ನಾಗಿ ಈಜುವವರಿಗೆ ಜಾಕೆಟ್ ಅಗತ್ಯವೇ ಸರ್?

ಸದಾನಂದ: ಮೇಲೆ ಓದಿ.

ಪ್ರವೀಣ್: *ದಯವಿಟ್ಟು ಎಲ್ಲ ಗ್ರೂಪಿಗೂ ಕಳಿಸಿ* ನೀರಲ್ಲಿ ಮುಳುಗಿ ಸತ್ತವರನ್ನು ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಉಪ್ಪು ನೀರನ್ನು ಹೀರಿ ಜೀವ ಬರುತ್ತದೆ!!

ಸದಾನಂದ: ಇದನ್ನು ಅಳಿಸಿ. ಎದೆ ಒತ್ತಿ, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, 108ಕ್ಕೆ ಫೋನ್ ಮಾಡಬೇಕಾದ ಹೊತ್ತಿಗೆ ಜನ ಉಪ್ಪಿನ ಮೂಟೆ ಹುಡುಕ್ತಾರೆ. ಬದುಕುವವನನ್ನೂ ಕೊಲ್ಲುವ ಮೆಸೇಜ್ ಇದು.

ಪ್ರವೀಣ್: ಬಂದದ್ದನ್ನು ಹಾಕಿದೆ ಅಷ್ಟೆ. ಒಳ್ಳೇ ಉದ್ದೇಶ.

ರೇಖಾ: 5 ವರ್ಷದ ಮಗುವಿಗೆ ದೊಡ್ಡವರ ಜಾಕೆಟನ್ನೇ ಬಿಗಿಯಾಗಿ ಕಟ್ಟಬಹುದಾ? ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗ್ಲಿಕ್ಕುಂಟು.

ಸದಾನಂದ: ಬೇಡ. ನೀರಲ್ಲಿ ಜಾಕೆಟ್ ಮೇಲೆ ಬರ್ತದೆ, ಮಗು ಕೆಳಗೆ ಜಾರ್ತದೆ. ಮಗುವಿನ ತೂಕಕ್ಕೆ ತಕ್ಕದ್ದು, ಕಾಲಿನ ನಡುವೆ ಪಟ್ಟಿ ಇರುವುದು ನೋಡಿ.

ನವೀನ್: ಜಾಕೆಟನ್ನು ವಾಷಿಂಗ್ ಮೆಷಿನ್‌ಗೆ ಹಾಕಬಹುದಾ?

ಹರೀಶ: ಏಪ್ರಿಲ್ ಬಿಸಿಲಲ್ಲಿ ಆ ದಪ್ಪ ಜಾಕೆಟ್ ಹಾಕಿ ಬಲೆ ಎಳೆದು ನೋಡಿ ಮಾರಾಯ್ರೆ. ಇದೆಲ್ಲ ಟೂರಿಸ್ಟಿಗೆ ಹೇಳಿ.

ದಿನಕರ: 2019ರ ಜನವರಿ 21, ಕಾರವಾರ. ಕೂರ್ಮಗಡ ಜಾತ್ರೆಯಿಂದ ಬರುವ ದೋಣಿ ಮಗುಚಿ 16 ಜನ ಹೋದದ್ದು ಮರೆತು ಹೋಯ್ತಾ?

ಹರೀಶ: ಅದು ಓವರ್‌ಲೋಡು. ಜಾಕೆಟ್‌ಗೂ ಅದಕ್ಕೂ ಎಂತ ಸಂಬಂಧ?

ದಿನಕರ: ಮಗುಚಿದ ಮೇಲೆ ತೇಲಬೇಕಲ್ಲ?

ಶ್ರೀಧರ: ನಾನಿರುವುದು ಅಮೆರಿಕದಲ್ಲಿ. ಇಲ್ಲಿ 2021ರ ಏಪ್ರಿಲ್ 1ರಿಂದ, ಈ ದಾರದ ಸ್ವಿಚ್ ಇರುವ 26 ಅಡಿಗಿಂತ ಚಿಕ್ಕ ಬೋಟನ್ನು ವೇಗವಾಗಿ ಓಡಿಸುವಾಗ ದಾರ ಹಾಕಲೇಬೇಕು, ಕಾನೂನೇ ಇದೆ.

ಹರೀಶ: ಹಾಗಾದ್ರೆ ನೀವು ಅಲ್ಲೇ ಹಾಕಿಕೊಳ್ಳಿ. ಎಸಿ ರೂಮಲ್ಲಿ ಕೂತವರಿಗೆ ಸೆಕೆ ಗೊತ್ತಾ?

ದಿನಕರ: ನಿನ್ನ ಹೆಂಡತಿ ಮಕ್ಕಳನ್ನು ಕೇಳು, ಸೆಕೆ ದೊಡ್ಡದಾ ನೀನು ದೊಡ್ಡವನಾ ಅಂತ.

ಹರೀಶ: ಮನೆಯವರ ಸುದ್ದಿ ಎಂತಕ್ಕೆ ತೆಗೀತೀಯ?

ಅಡ್ಮಿನ್: ಇಬ್ಬರೂ ಸಾಕು.

ಸದಾನಂದ: ಹರೀಶ, ಸೆಕೆ ಆಗುವುದು ಸುಳ್ಳಲ್ಲ. ಗಾಳಿ ತುಂಬುವ ಜಾಕೆಟ್ ಉಂಟು, ಹೆಗಲ ಮೇಲೆ ಪಟ್ಟಿಯಷ್ಟೇ ಇರ್ತದೆ, ನೀರಿಗೆ ಬಿದ್ರೆ ಉಬ್ಬುತ್ತದೆ. ಒಮ್ಮೆ ಉಬ್ಬಿದ ಮೇಲೆ ಒಳಗಿನ ಗ್ಯಾಸ್ ಸಿಲಿಂಡರ್ ಬದಲಿಸಬೇಕು. ಲೇಬಲ್‌ನಲ್ಲಿ ತೇಲಿಸುವ ಬಲ ನ್ಯೂಟನ್ ಲೆಕ್ಕದಲ್ಲಿ ಇರ್ತದೆ, ನೋಡಿ ತಗೊ: 50 ನ್ಯೂಟನ್ ಅಂದ್ರೆ ಈಜು ಬರುವವರಿಗೆ, ದಡದ ಹತ್ತಿರ ಮಾತ್ರ. ಕಡಲಿಗೆ 150.

ಹರೀಶ: ಅದರ ದುಡ್ಡು ನೀವು ಕೊಡ್ತೀರಾ?

ಪ್ರವೀಣ್: ಅಣ್ಣ, ಖಾಲಿ ಎಣ್ಣೆ ಕ್ಯಾನ್ ಸೊಂಟಕ್ಕೆ ಕಟ್ಟಿದ್ರೆ ಜಾಕೆಟ್ಟೇ ಬೇಡ ಅಂತ ವಿಡಿಯೋ ಬಂದಿದೆ...

ಸದಾನಂದ: ಸೊಂಟಕ್ಕೆ ಕಟ್ಟಿದ್ರೆ ಸೊಂಟ ತೇಲ್ತದೆ, ಮುಖ ನೀರೊಳಗೆ. ಪ್ರವೀಣ್, ಇನ್ನೊಂದು ಫಾರ್ವರ್ಡ್ ಹಾಕಿದ್ರೆ ನಾನು ಗ್ರೂಪ್ ಬಿಡ್ತೇನೆ.

ಲೋಕೇಶ್: ಕಡಲಲ್ಲಿ ಸಿಕ್ಕಿಹಾಕಿಕೊಂಡ್ರೆ ಯಾವ ನಂಬರ್?

ಸದಾನಂದ: ಕೋಸ್ಟ್ ಗಾರ್ಡ್ 1554.

ಶ್ವೇತಾ: ಫೋಟೋ ಹಾಕಿದ್ದೇನೆ ಅಣ್ಣ. ಪಕ್ಕದ ಮನೆಯವರ ಹಳೇ ದಾರ ಸಿಕ್ಕಿತು, ಹಾಕಿದ್ದಾನೆ.

ಸದಾನಂದ: ಅದು ಬೇರೆ ಎಂಜಿನ್‌ನದ್ದು. ಕ್ಲಿಪ್ ಅರ್ಧ ಹೊರಗೇ ಉಂಟು ನೋಡಿ. ದಾರವೂ ಬಿಸಿಲಿಗೆ ಒಣಗಿ ಕೊಕ್ಕೆಯ ಹತ್ತಿರ ಬಿರುಕು ಬಿಟ್ಟಿದೆ, ಎಳೆದ್ರೆ ಕ್ಲಿಪ್ ಬರುವ ಮೊದಲು ಅದೇ ತುಂಡಾಗ್ತದೆ. ನಾಳೆ ಅವನನ್ನು ಕಳಿಸಬೇಡಿ. ಎಂಜಿನ್ ಮೇಲಿನ ಮಾಡೆಲ್ ನಂಬರ್ ಹಾಕಿ, ನಾನೇ ತರಿಸಿ ಕೊಡ್ತೇನೆ.